ತೂಗದೆ ಬಿಟ್ಟ ಮೀನು

ಶನಿವಾರ ಸಂಜೆಯಾದರೆ ನನ್ನ ಅಡುಗೆಮನೆಯ ಸೂರಿನ ಮೇಲಿಂದ ‘ಕರ್ರ್‌... ಕರ್ರ್‌’ ಎಂದು ಒಂದು ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತು ನಿಲ್ಲುವುದು, ಮತ್ತೆ ಕರ್ರ್‌. ಮಹಡಿಯ ಮನೆಗೆ ಹೊಸ ಬಾಡಿಗೆದಾರರು ಬಂದು ತಿಂಗಳೂ ಆಗಿರಲಿಲ್ಲ. ಮೊದಲ ಶನಿವಾರ ಇಲಿ ಅಂದುಕೊಂಡೆ. ಎರಡನೆಯ ಶನಿವಾರ, ಇಷ್ಟು ಪಂಕ್ಚುಯಲ್ ಆದ ಇಲಿ ಇರಲಾರದು ಅನ್ನಿಸಿ, ಹೊಲಿಗೆ ಮಷೀನು ಇರಬೇಕು ಅಂದುಕೊಂಡೆ. ಮೂರನೆಯ ಶನಿವಾರ ಮೆಟ್ಟಿಲು ಹತ್ತಿ ಹೋಗಿ ನೋಡಿದರೆ, ಬನಿಯನ್, ಲುಂಗಿಯಲ್ಲಿದ್ದ ಐವತ್ತು ದಾಟಿದ ಗಂಡಸೊಬ್ಬರು ನೆಲಕ್ಕೆ ಪೇಪರು ಹಾಸಿಕೊಂಡು ಕೂತಿದ್ದರು. ಕೈಯಲ್ಲಿ ಹಿತ್ತಾಳೆಯ ಒಂದು ರೀಲು. ಅದಕ್ಕೆ ಎಣ್ಣೆ ಬಿಡುವುದು, ತಿರುಗಿಸುವುದು, ಕಿವಿಗೆ ಹಿಡಿದು ಕೇಳುವುದು.

“ಗಾಳದ ರೀಲ್ರಿ ಟೀಚರ,” ಅಂದರು. “ಇದರ ದನಿ ಕೆಟ್ರ ಮೀನ ಓಡಿದ್ದು ತಿಳಿಯಂಗಿಲ್ಲ.”

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಅವರ ಹೆಂಡತಿಯೇ ಫೋನು ಮಾಡಿ ಹೇಳಿದರು. ಫೋನು ಇಟ್ಟ ಮೇಲೆ ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಆ ಸದ್ದು.

ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಆಫೀಸು ಹಾವೇರಿಯಲ್ಲಿ, ಓಡಾಟವೆಲ್ಲ ಬ್ಯಾಡಗಿ, ರಾಣೆಬೆನ್ನೂರು. ಅಂಗಡಿಗಳ ತಕ್ಕಡಿ ಸರಿ ಇದೆಯೇ ನೋಡಿ, ಸರಿ ಇದ್ದರೆ ಆ ವರ್ಷದ ಸರ್ಕಾರಿ ಮುದ್ರೆ ಒತ್ತುವುದು ಅವರ ಕೆಲಸ. ನಮ್ಮ ಕಡೆ ತಕ್ಕಡಿಗೆ ಕಾಟಾ ಅನ್ನುತ್ತಾರೆ. ಬ್ಯಾಡಗಿಯ ಮೆಣಸಿನಕಾಯಿ ಸೀಜನ್ನಿನಲ್ಲಿ ಅವರು ಮನೆಗೆ ಬರುವಾಗ ಕೆಂಗಣ್ಣು, ಮೂಗಿಗೆ ಕರ್ಚೀಫು. ಮೆಟ್ಟಿಲು ಹತ್ತುವಾಗಿನ ಸೀನು ಎಣಿಸಿಯೇ ನಾನು ಇವತ್ತು ಎಷ್ಟು ಅಂಗಡಿ ನೋಡಿದರು ಎಂದು ತಿಳಿಯುತ್ತಿದ್ದೆ.

ನಾನು ಕಾರವಾರದ ಕಡೆಯವಳು, ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿ. ಗಂಡನ ರೈಲ್ವೆ ನೌಕರಿ ನನ್ನನ್ನು ರಾಣೆಬೆನ್ನೂರಿಗೆ ತಂದಿತು. ಗಂಡ ತೀರಿಕೊಂಡ ಮೇಲೂ ಇಂಗ್ಲಿಷ್ ಪಾಠ ಹೇಳಿಕೊಂಡು ಅಲ್ಲೇ ಉಳಿದೆ. ನಮ್ಮ ಬೀದಿಯಲ್ಲಿ ಸೋಮವಾರ ಬೆಳ್ಳುಳ್ಳಿಯನ್ನೂ ಮುಟ್ಟದ ಜನ. ಹುಬ್ಬಳ್ಳಿಯಿಂದ ಐಸಿನಲ್ಲಿ ಬಂಗಡೆ ಬಂದ ದಿನ ನಾನು ಕಿಟಕಿಗಳನ್ನೆಲ್ಲ ಮುಚ್ಚಿ, ನಾಲ್ಕು ಊದುಬತ್ತಿ ಹಚ್ಚಿ, ಕಳ್ಳಿಯ ಹಾಗೆ ಹುರಿದುಕೊಳ್ಳುತ್ತಿದ್ದೆ. ಒಂದು ದಿನ ಇವರು ನೀರಿನ ಮೋಟಾರಿನ ವಿಷಯ ಹೇಳಲು ಬಂದವರು ಬಾಗಿಲಲ್ಲೇ ನಿಂತು ಉಸಿರೆಳೆದರು.

“ಟೀಚರ, ಊದಿನಕಡ್ಡಿ ಸಾಲೂದಿಲ್ರಿ. ಬಂಗಡಿ ಅಂತ ಮ್ಯಾಲಿಂದಽ ಗೊತ್ತಾತು.”

ನಾಚಿಕೆಯಿಂದ ಸಾಯುವಂತಾಯಿತು. ಅವರು ಮಾತ್ರ ನಕ್ಕು, “ನಾವು ಅಂಬಿಗರ ಪೈಕಿ. ನಮ್ಮಪ್ಪ ಹೊಳ್ಯಾಗ ಬಲಿ ಹಾಕ್ತಿದ್ದ. ಕಿಟಕಿ ತಗೀರಿ, ಉಸಿರ ಕಟ್ಟಿ ಸತ್ತೀರಿ,” ಅಂದರು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಆ ಬೀದಿಯಲ್ಲಿ ನನಗೊಬ್ಬ ಅಕಾಂಪ್ಲಿಸ್ ಸಿಕ್ಕಿದ್ದರು.

ಮೀನಿನ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳ ಇದ್ದೇ ಇತ್ತು. ಸಮುದ್ರದ ಮೀನೇ ಮೀನು, ಇಲ್ಲಿಯದಕ್ಕೆ ಕೆಸರಿನ ವಾಸನೆ ಎಂದು ನಾನು. “ಅದು ಕೆರಿ ಮೀನ್ರಿ. ಮರಿ ತಂದು ಬಿಟ್ಟು ಬೆಳೆಸಿದ್ದು. ಹೊಳಿ ಮೀನ ನೀವು ತಿಂದಽ ಇಲ್ಲ,” ಎಂದು ಅವರು. ಹೊಳೆ ಅಂದರೆ ಅವರಿಗೆ ತುಂಗಭದ್ರೆ. ಹೊಳೆಮೀನು ಅಂದರೆ ಯಾರೂ ಬಿಡದೆ ತಾನಾಗಿ ಹುಟ್ಟಿ ಬೆಳೆದ, ಅಂಗೈಯಗಲದ ಬಂಗಾರದ ಹುರುಪೆಯ ಮಹಸೀರು. ಮೇಲೆ ಅಣೆಕಟ್ಟು, ಕೆಳಗೆ ಅಣೆಕಟ್ಟು, ನಡುವೆ ಮರಳಿನ ಲಾರಿಗಳು. ದೊಡ್ಡ ಮಹಸೀರನ್ನು ಅವರ ಊರಿನವರು ಕಂಡು ವರ್ಷಗಳೇ ಆಗಿದ್ದವು. ಇವರು ಮಾತ್ರ ಭಾನುವಾರ ಬಿಡದೆ ಗಾಳ ಹಿಡಿದು ತಮ್ಮ ಊರಿನ ಮಡುವಿಗೆ ಹೋಗುತ್ತಿದ್ದರು. ಬರಿಗೈಯಲ್ಲಿ ಬಂದು, “ಅಲ್ಲೆ ಐತ್ರಿ ಅದು,” ಅನ್ನುತ್ತಿದ್ದರು.

‘ಅಂದಾಜು’ ಎಂಬ ಪದ ಅವರ ಮುಂದೆ ಆಡುವಂತಿರಲಿಲ್ಲ. ಪಕ್ಕದ ಮನೆಯ ಮಗಳು ಹೆತ್ತಾಗ ಬೀದಿಯವರೆಲ್ಲ ಕೂಸು ಎಷ್ಟು ಕಿಲೋ ಎಂದು ಮಾತಾಡುತ್ತಿದ್ದರು. ಆಸ್ಪತ್ರೆಗೆ ಹೋಗಿ ಬಂದಿದ್ದ ಇವರನ್ನು ಕೇಳಿದೆ. “ಮೂರು ಕಿಲೋ ಅಂತ ನರ್ಸ್ ಹೇಳಿದ್ಲು. ನಾ ಕಾಟಾ ನೋಡಿಲ್ಲ,” ಅಂದರು. ನನ್ನ ಗ್ಯಾಸ್ ಸಿಲಿಂಡರು ಬಂದರೆ ಮೇಲಿನಿಂದ ಇಳಿದು ಬಂದು, ತಂದವನದೇ ಸ್ಪ್ರಿಂಗಿನ ಕಾಟಾಕ್ಕೆ ತೂಗುಹಾಕಿ, ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ನಿಲ್ಲುವರು. ಸಿಲಿಂಡರಿನವನು, “ಅವ್ವಾರ, ನಿಮ್ಮನಿಗೆ ಬರಾಕ ಅಂಜಿಕಿ ಬರ್ತೈತ್ರಿ,” ಎಂದು ನನ್ನ ಹತ್ತಿರ ಅಳುತ್ತಿದ್ದ.

ಇಷ್ಟೇಕೆ ಎಂದು ಒಮ್ಮೆ ಕೇಳಿದೆ. ಮೆಟ್ಟಿಲ ಮೇಲೆ ಕೂತು ಗಾಳದ ದಾರ ಬಿಡಿಸುತ್ತಿದ್ದರು. ತಲೆ ಎತ್ತದೆ ಹೇಳಿದರು.

“ನಮ್ಮಪ್ಪ ಮೀನ ಹಿಡದು ತಂದ್ರ ಹೊಳಿದಂಡಿಗೆ ಸಾವಕಾರ ಬರಾಂವ, ಕೈಯಾಗ ಕಾಟಾ ಹಿಡಕೊಂಡು. ಹಿಡಕೊಂಡ ಕೈಯ ಕಿರಿಬೆರಳು ಕಾಟಾದ ಕೋಲಿನ ಮ್ಯಾಲ. ಅಷ್ಟಽ ಸಾಕು. ನಮ್ಮಪ್ಪಗ ಆ ಬೆರಳ ಕಾಣ್ತಿತ್ತು, ನನಗೂ ಕಾಣ್ತಿತ್ತು. ಬಾಯಿ ಇರಲಿಲ್ಲ. ಅಪ್ಪನ ಒಂದ ಮೀನರ ತನ್ನ ಖರೇ ತೂಕ ಕಾಣಲಿಲ್ರಿ. ಆ ಹೊಳಿಯ ದೊಡ್ಡ ಮೀನ ಒಂದ, ಸರಿಯಾದ ಕಾಟಾಕ್ಕ ಹಾಕಿ ನೋಡಬೇಕು. ರಿಟೈರ್ ಆಗೂದ್ರಾಗ. ಅಷ್ಟಽ ನನ್ನ ಆಸೆ.”

ಎರಡು ಸಾವಿರದ ಐದೋ ಆರೋ ಇರಬೇಕು. ಮಳೆ ಚೆನ್ನಾಗಿ ಆಗಿ, ಹೊಳೆ ಇಳಿದು ನೀರು ತಿಳಿಯಾಗಿದ್ದ ಚಳಿಗಾಲ. ಒಂದು ಭಾನುವಾರ ಅವರ ಹೆಂಡತಿ ನನ್ನನ್ನೂ ಹೊರಡಿಸಿದರು. “ಬರ್ರಿ ಟೀಚರ, ಹೊಳಿದಂಡಿಗೆ ಕುಂತು ರೊಟ್ಟಿ ಉಣ್ಣೂನು. ಇವರು ಒಬ್ಬರಽ ನೀರ ನೋಡಕೋತ ಕುಂದ್ರೂದು, ನಾ ಒಬ್ಬಾಕಿನಽ ಇವರನ್ನ ನೋಡಕೋತ ಕುಂದ್ರೂದು, ಸಾಕಾಗೇತಿ.” ಆಟೋ ಮಾಡಿಕೊಂಡು ಹೋದೆವು. ನನ್ನ ಚೀಲದಲ್ಲಿ ಹೆಣಿಗೆ, ಅವರ ಚೀಲದಲ್ಲಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಇನ್ನೊಂದು ಡಬ್ಬಿಯಲ್ಲಿ ಬೆಲ್ಲ ಬೆಳ್ಳುಳ್ಳಿ ಹಾಕಿ ನಾದಿದ ಜೋಳದ ಹಿಟ್ಟಿನ ಉಂಡೆಗಳು. ಅವು ಮೀನಿಗೆ. ದಾರಿಯಲ್ಲಿ ಡಬ್ಬಿ ಅದಲುಬದಲಾಗಿ ನಾನೊಂದು ಉಂಡೆ ಬಾಯಿಗೆ ಹಾಕಿಕೊಂಡದ್ದೂ ಉಂಟು. ನಾಟ್ ಬ್ಯಾಡ್.

ಊರಿನಲ್ಲಿ ಅವರ ತಮ್ಮನಿದ್ದ. ಅಪ್ಪನ ಬಲೆ, ಹರಿಗೋಲು ಎರಡೂ ಅವನ ಪಾಲಿಗೆ. ಅವನ ಬದುಕು ಅದೇ. ಅಣ್ಣನ ಗಾಳ ಕಂಡರೆ ಅವನಿಗೆ ನಗು. “ಅಣ್ಣಾ, ದಾರ ಬಿಟ್ಟು ಮೀನಿಗೆ ಅರ್ಜಿ ಬರೀ. ಸರ್ಕಾರಿ ಮಂದಿ ಅಲ್ಲೇನ ನೀವು, ಉತ್ತರ ಬರ್ತೈತಿ,” ಅನ್ನುತ್ತಿದ್ದ.

ಊಟಕ್ಕೆ ಇನ್ನೂ ಹೊತ್ತಿತ್ತು. ನಾನು ಹೆಣಿಗೆಯ ಮನೆ ಎಣಿಸುತ್ತಿದ್ದೆ. ಇದ್ದಕ್ಕಿದ್ದಂತೆ ರೀಲು ಕೂಗಿತು. ಅಡುಗೆಮನೆಯ ಸೂರಿನ ಮೇಲಿನ ಆ ಸಣ್ಣ ಕರ್ರ್‌ ಅಲ್ಲ, ಉಸಿರು ತೆಗೆದುಕೊಳ್ಳದ ಚೀತ್ಕಾರ. ಇವರು ನೀರಿಗೆ ಇಳಿದಾಗಿತ್ತು. ಚಪ್ಪಲಿ ಕಾಲಲ್ಲೇ ಇತ್ತು.

“ತಮ್ಮಾ! ಹರಿಗೋಲ ತಾ! ಲಗೂ! ದಾರ ಮುಗಿಯಾಕ ಬಂತು!”

ತಮ್ಮ ಓಡಿದ. ಅಣ್ಣನನ್ನು ಹರಿಗೋಲಿಗೆ ಎಳೆದು ಹಾಕಿಕೊಂಡ. ಆಮೇಲೆ ಒಂದು ತಾಸಿಗೂ ಹೆಚ್ಚು ಹೊತ್ತು, ಒಂದೂವರೆ ತಾಸೇ ಇರಬೇಕು, ನಾವು ಕಂಡದ್ದು ಇಷ್ಟು: ಆ ದುಂಡನೆಯ ಹರಿಗೋಲು ಹುಟ್ಟು ಹಾಕದೆಯೇ ಮಡುವಿನ ಮೇಲೆ ತಾನಾಗಿ ಅತ್ತಿಂದಿತ್ತ ಹೋಗುತ್ತಿತ್ತು. ನೀರಿನಡಿಯಲ್ಲಿದ್ದದ್ದು ಅದನ್ನು ಎಳೆಯುತ್ತಿತ್ತು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ಬಿಟ್ಟು ನಿಂತರು. “ಬಂಡಿಗಲ್ಲ ಕಡಿಗೆ ಹೊಕ್ಕೈತಿ, ಬಿಡಬ್ಯಾಡ್ರಿ!” “ಸಡ್ಲ ಬಿಡ್ರಿ, ಸಡ್ಲ ಬಿಡ್ರಿ!” ಎಂದು ಎಲ್ಲರದೂ ಸಲಹೆ. ಅವರ ಹೆಂಡತಿ ಮಾತ್ರ ಕಣ್ಣು ಮುಚ್ಚಿ, “ಗಂಗವ್ವಾ, ಇವರನ್ನ ಮನಿಗೆ ಕಳಸು, ಮೀನ ನೀನಽ ಇಟ್ಕೋ,” ಅನ್ನುತ್ತಿದ್ದರು.

ಕೊನೆಗೆ ಅದು ಆಳವಿಲ್ಲದ ನೀರಿಗೆ ಬಂತು. ತಮ್ಮ ಇಳಿದು ಕಿವಿರಿನ ಹಿಂದೆ ಎರಡೂ ತೋಳು ತೂರಿಸಿ ತಬ್ಬಿಕೊಂಡ. ಅವನ ನಗು ನಿಂತಿತ್ತು. ನಾನು ಕಾರವಾರದ ಬಂದರಿನಲ್ಲಿ ದೊಡ್ಡ ಮೀನುಗಳನ್ನು ನೋಡಿದವಳು. ಆದರೆ ಹೊಳೆಯಲ್ಲಿ ಇಂಥದ್ದು ಇರಬಹುದೆಂದು ಐ ಹ್ಯಾಡ್ ನೋ ಐಡಿಯಾ. ಬೆನ್ನು ಹಳೆಯ ಕಂಚಿನ ಬಣ್ಣ, ಪಕ್ಕೆಯಲ್ಲಿ ಬಂಗಾರ. ಬಾಯಿ ನನ್ನ ಮುಷ್ಟಿ ಹೋಗುವಷ್ಟು. ನಾನು ಹೆಣಿಗೆಯ ಚೀಲದಿಂದ ಟೇಪು ತೆಗೆದು ನೀರಿಗಿಳಿದೆ, ಸೀರೆ ಒದ್ದೆಯಾದದ್ದೂ ತಿಳಿಯಲಿಲ್ಲ. ಮೂತಿಯಿಂದ ಬಾಲದ ತುದಿಗೆ ನಾಲ್ಕೂವರೆ ಅಡಿ ದಾಟಿತ್ತು. ಕೂಗಿ ಹೇಳಿದೆ. ಇವರು ಏದುಸಿರಿನಲ್ಲೇ, “ಟೀಚರ, ಆ ಟೇಪಿಗೆ ಮುದ್ರಿ ಐತೇನ್ರಿ?” ಅಂದರು. ಜೋಕು ಅಂದುಕೊಂಡು ನಕ್ಕೆ. ಅದು ಜೋಕಾಗಿರಲಿಲ್ಲ.

ತಮ್ಮ ಊರ ಕಿರಾಣಿ ಅಂಗಡಿಯವನಿಗೆ ಹೇಳಿ ಕಳಿಸಿದ. ಅವನು ದೊಡ್ಡ ಕಾಟಾ, ತೂಕದ ಕಲ್ಲುಗಳನ್ನು ಇಬ್ಬರ ಕೈಲಿ ಹೊರಿಸಿಕೊಂಡು ಉತ್ಸಾಹದಿಂದ ಓಡಿ ಬಂದ. ಇವರು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಕಾಟಾದ ಕೋಲನ್ನು ಮಗುಚಿ ನೋಡಿದರು. ಕಲ್ಲುಗಳ ತಳ ನೋಡಿದರು. ಎರಡು ವರ್ಷದಿಂದ ಮುದ್ರೆ ಬಿದ್ದಿರಲಿಲ್ಲ.

“ಇದರಾಗ ತೂಗಂಗಿಲ್ಲ.”

“ಸಾಹೇಬ್ರ, ಇವತ್ತೊಂದಿನ...” ಎಂದ ಅಂಗಡಿಯವನು.

“ನಾಳೆ ಆಫೀಸಿಗೆ ತಗೊಂಡು ಬಾ.”

“ಅಯ್ಯ ನನ ಕರ್ಮ, ನಾ ಯಾಕರ ಹೊತ್ತಕೊಂಡ ಬಂದ್ನೋ!” ಎಂದು ಅವನು ತಲೆಗೆ ಕೈ ಹೊತ್ತು ಕೂತ. ಜನ ಬಿದ್ದು ಬಿದ್ದು ನಕ್ಕರು. ತಮ್ಮ ನಗಲಿಲ್ಲ.

“ಅಣ್ಣಾ, ತೂಕ ಆಮ್ಯಾಲ ಆಗಲಿ. ಮೀನ ಕಟ್ಟಿ ಹಾಕ್ಕೊಂಡು ಪ್ಯಾಟಿಗೆ ಹೋಗೂನು ನಡಿ.”

“ಇಲ್ಲ. ಜೀವಂತ ತೂಗಬೇಕು. ಅಪ್ಪನ ಮೀನು ಸತ್ತ ಮ್ಯಾಲ ತೂಗ್ತಿದ್ರು.”

ಹಿಂದಿನ ವಾರವಷ್ಟೇ ಅವರು ರಾಣೆಬೆನ್ನೂರಿನ ಬೀಜದ ಅಂಗಡಿಯೊಂದರ ಕಾಟಾಕ್ಕೆ ತಾವೇ ಮುದ್ರೆ ಒತ್ತಿದ್ದರು. ಅದನ್ನು ಕೇಳಿ ತರಲು ನಮ್ಮ ಆಟೋದವನನ್ನು ಚೀಟಿ ಕೊಟ್ಟು ಕಳಿಸಿದರು. ಹೋಗಿ ಬರಲು ಎರಡು ತಾಸು. ಅಷ್ಟೂ ಹೊತ್ತು ಅವರು ಸೊಂಟಮಟ್ಟ ನೀರಿನಲ್ಲಿ ನಿಂತು ಮೀನಿನ ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದುಕೊಂಡಿದ್ದರು. ನೀರು ಕಿವಿರಿನಲ್ಲಿ ಹಾಯುತ್ತಿದ್ದರೆ ಮಾತ್ರ ಅದು ಉಳಿಯುತ್ತದಂತೆ. ತಮ್ಮ ಬಾಲದ ಕಡೆ. ಅವರ ಹೆಂಡತಿ ರೊಟ್ಟಿ ಸುತ್ತಿ ಬಾಯಿಗಿಟ್ಟರೆ ಅಗಿಯುವರು, ಮೀನಿನ ಮೇಲಿನ ಕಣ್ಣು ತೆಗೆಯದೆ. ತುಟಿ ನೀಲಿಯಾಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಆಟೋ ಬಂತು. ಕಾಟಾ ಇಳಿಸಿದರು. ಇಬ್ಬರು ಅದನ್ನು ಹೊತ್ತು ದಂಡೆ ಇಳಿಯತೊಡಗಿದರು. ನಮಗೂ ಅವರಿಗೂ ನಡುವೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಆಗ ಮೀನು ಇವರ ಕೈಯಲ್ಲಿ ಮೆಲ್ಲಗೆ ಒಂದು ಮಗ್ಗುಲಿಗೆ ವಾಲಿತು. ಇವರು ನೆಟ್ಟಗೆ ಮಾಡಿದರು. ಮತ್ತೆ ವಾಲಿತು.

“ಈಗ ಎತ್ತಿದ್ರ ಇದು ಉಳಿಯಂಗಿಲ್ಲ,” ಅಂದರು.

“ಉಳಿಯಾಕ ಯಾಕ ಬೇಕು?” ಅಂದ ತಮ್ಮ. “ಮೀನ ಅದು ಅಣ್ಣಾ. ಉಳಸಾಕ ಹಿಡದಿ ಏನ?”

ಇವರು ಕಾಟಾದ ಕಡೆ ಒಮ್ಮೆ ನೋಡಿದರು. ಮೀನನ್ನು ಇನ್ನೊಂದೆರಡು ಮಾರು ಆಚೆಗೆ, ಹರಿವು ಇರುವಲ್ಲಿಗೆ, ಎಳೆದುಕೊಂಡು ಹೋದರು. ಬಾಲ ತಮ್ಮನ ಕೈಯಿಂದ ತಪ್ಪಿತು. ಅಣ್ಣ ಇನ್ನೂ ಸರಿಯಾಗಿ ಹಿಡಿಯಲು ಸರಿಯುತ್ತಿದ್ದಾನೆ ಅಂತಲೇ ಅವನು ತಿಳಿದ. ಇವರು ಬಹಳ ಹೊತ್ತು ಹಾಗೇ ಹಿಡಿದು ನಿಂತರು. ಮೀನಿನ ಬಾಲ ಒಮ್ಮೆ ಆಡಿತು, ಇನ್ನೊಮ್ಮೆ ಆಡಿತು. ಆಮೇಲೆ ಅವರು ಎರಡೂ ಕೈ ನೀರಿನ ಮೇಲೆತ್ತಿದರು. ಕೈ ಖಾಲಿ ಇತ್ತು.

ಕಾಟಾ ಹೊತ್ತವರು, “ಎಲ್ಲಿ ಇಡೂನ್ರಿ?” ಎಂದು ಕೇಳಿದರು.

ಆ ಹೊಳೆಯಲ್ಲಿ ಒಂದು ರಿವಾಜು. ಗಾಳ ಯಾರದೇ ಇರಲಿ, ಹರಿಗೋಲು ಇಳಿಸಿ ಹಿಡಿದ ಮೀನಿನಲ್ಲಿ ಅರ್ಧ ಹರಿಗೋಲಿನವನ ಪಾಲು. ಅಪ್ಪನ ಕಾಲದಿಂದ ಬಂದದ್ದು. ತಮ್ಮ ದಂಡೆಗೆ ಬಂದು ಪಂಚೆ ಹಿಂಡಿಕೊಂಡ. ಕೂಗಾಡಲಿಲ್ಲ.

“ನಿನ್ನ ಪಾಲ ನೀ ಬಿಡು ಅಣ್ಣಾ. ನನ್ನ ಪಾಲ ಯಾರನ್ನ ಕೇಳಿ ಬಿಟ್ಟಿ?”

ಅಣ್ಣ ಬಾಯಿ ತೆರೆದರು. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ತಮ್ಮ ಹರಿಗೋಲನ್ನು ಬೆನ್ನ ಮೇಲೆ ಹೊತ್ತು, ಆಮೆಯ ಹಾಗೆ, ಊರ ಕಡೆ ನಡೆದ. ತಿರುಗಿ ನೋಡಲಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ನಾನು ಇದನ್ನು ಒಂದು ನೋಬಲ್ ಕಥೆ ಮಾಡಿ ಹೇಳಿದೆ. ನನ್ನನ್ನು ಬೆಳೆಸಿದ ಸಿಸ್ಟರುಗಳು ಇಂಥ ಕಥೆಗಳನ್ನು ಹೇಳಿಯೇ ಬೆಳೆಸಿದ್ದು. ಸಂಜೆ ಮಹಡಿ ಹತ್ತಿ ಇವರಿಗೂ ಹಾಗೇ ಅಂದೆ. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ನೋಬಲ್ ಏನ ಬಂತ್ರಿ ಅದರಾಗ? ನಮ್ಮ ತಮ್ಮನ ಹಕ್ಕಿನ ಮೀನ ನಾ ಬಿಟ್ಟೆ. ಆ ಸಾವಕಾರ ಬೆರಳ ಇಟ್ಟ. ನಾ ಇಡೀ ಕೈ ಇಟ್ಟೆ.”

ಸುದ್ದಿ ಮಾತ್ರ ಹಾವೇರಿ ಆಫೀಸಿಗೆ, ಬ್ಯಾಡಗಿ ಪೇಟೆಗೆ ಹಬ್ಬಿತು. ಹಾವೇರಿಯವರ ಬಾಯಲ್ಲಿ ಮೂವತ್ತು ಕಿಲೋ ಇದ್ದ ಮೀನು ಬ್ಯಾಡಗಿ ಮುಟ್ಟುವಾಗ ಅರವತ್ತು ಆಗಿತ್ತು, ಮೋಟೆಬೆನ್ನೂರಿನ ಚಹಾದಂಗಡಿಯಲ್ಲಿ ಅದು ಹರಿಗೋಲನ್ನೇ ನುಂಗಿತ್ತು. ಕಾಟಾ ತಪಾಸಣೆಗೆ ಹೋದಲ್ಲೆಲ್ಲ ಅಂಗಡಿಯವರು ಕೆಣಕುವರು. “ಸಾಹೇಬ್ರ, ನಿಮ್ಮ ಮೀನ ಎಷ್ಟ ತೂಕ ಇತ್ರಿ?”

“ತೂಗಿಲ್ಲ.”

“ಅಂದಾಜರ ಹೇಳ್ರಿ.”

“ತೂಗಿಲ್ಲ.”

ತಮ್ಮ ಮಾತು ಬಿಟ್ಟ. ಮನೆಗೆ ಬರುವುದು ಬಿಟ್ಟ. ಇವರ ಹೆಂಡತಿ ಒಂದು ದಿನ ಕೆಳಗಿಳಿದು ಬಂದು ನನ್ನ ಮುಂದೆ ಕಣ್ಣೀರು ಹಾಕಿದರು. “ಕೈ ಜಾರ್ತು ಅಂತ ಒಂದ ಮಾತ ಅಂದ್ರ ಮೈದುನ ಇವತ್ತಽ ಬರ್ತಾನ್ರಿ. ಜಾರಿದ್ದ ಮೀನಿಗೆ ಯಾರೂ ಪಾಲ ಕೇಳಂಗಿಲ್ಲ. ನೀವರ ಹೇಳ್ರಿ ಟೀಚರ.” ಹೇಳಿದೆ. ಅಷ್ಟು ಹೊತ್ತು ನೀರಲ್ಲಿ ನಿಂತು ಬೆರಳು ಮರಗಟ್ಟಿದ್ದವು, ನಿಜಕ್ಕೂ ಜಾರಿರಬಹುದಲ್ಲ, ಹೂ ನೋಸ್ ಎಂದೆ. ಅವರು ತಮ್ಮ ಅಂಗೈಗಳನ್ನು ಸ್ವಲ್ಪ ಹೊತ್ತು ನೋಡಿಕೊಂಡರು. “ಜಾರಿಲ್ರಿ ಟೀಚರ. ಬಿಟ್ಟೆ,” ಅಂದರು.

ಆಮೇಲೂ ಭಾನುವಾರ ಊರಿಗೆ ಹೋಗುತ್ತಿದ್ದರು, ಗಾಳ ಇಲ್ಲದೆ. ತಮ್ಮ ಬಲೆ ಒಣಹಾಕುತ್ತಿದ್ದರೆ ಇನ್ನೊಂದು ತುದಿ ಹಿಡಿಯಲು ಹೋಗುವರು. ಅವನು ಆ ತುದಿಯನ್ನು ಕಲ್ಲಿಗೆ ಕಟ್ಟಿ ಹೋಗುವನು. ಇದನ್ನು ಅವರ ಹೆಂಡತಿ ನನಗೆ ಹೇಳಿದ್ದು. ಎರಡು ವರ್ಷ ಹೀಗೆ ಹೋಯಿತು. ನನ್ನ ಅಡುಗೆಮನೆಯ ಶನಿವಾರಗಳು ಸುಮ್ಮನಾದವು. ಕುಕ್ಕರಿನ ಸೀಟಿ ಬಿಟ್ಟರೆ ಬೇರೆ ಸದ್ದಿಲ್ಲ. ಐ ಮಿಸ್ಡ್ ದಟ್ ರ‍್ಯಾಟ್, ಹಾನೆಸ್ಟ್‌ಲಿ. ರಿಟೈರ್ ಆದ ಮೇಲೆ ಅವರು ಮನೆ ಖಾಲಿ ಮಾಡಿ ಹಾವೇರಿಗೆ ಹೋದರು. ಆ ಮಹಡಿಗೆ ಬ್ಯಾಂಕಿನವರೊಬ್ಬರು ಬಂದರು, ಒಳ್ಳೆಯವರೇ, ಟೀವಿ ಜೋರಾಗಿ ಹಾಕುತ್ತಿದ್ದರು.

ಒಂದು ವರ್ಷ ಕಳೆದಿರಬೇಕು. ಹಾವೇರಿಯ ಕೋರ್ಟಿನಲ್ಲಿ ನನಗೊಂದು ಅಫಿಡವಿಟ್ಟಿನ ಕೆಲಸವಿತ್ತು. ಅದು ಮುಗಿಸಿ ಸಂತೆಯ ಹಿಂಭಾಗದಿಂದ ಬಸ್‌ಸ್ಟ್ಯಾಂಡಿಗೆ ಬರುತ್ತಿದ್ದೆ. ಮೀನಿನವರು ಕೂರುವ ಸಾಲು. “ಲಗೂ ಮಾಡೋ ಮಾರಾಯ, ಮಂದಿ ನಿಂತಾರ!” ಎಂಬ ಗದರಿಕೆ ಕೇಳಿತು. ದನಿ ಪರಿಚಯದ್ದು. ನೋಡಿದರೆ ಆ ತಮ್ಮ. ಅವನು ಗದರಿಸುತ್ತಿದ್ದದ್ದು ಪಕ್ಕದಲ್ಲಿ ಬೋರಲು ಬುಟ್ಟಿಯ ಮೇಲೆ ಕೂತು ಕಾಟಾ ಹಿಡಿದಿದ್ದ ಅಣ್ಣನನ್ನು. ಇಸ್ತ್ರಿಯ ಅಂಗಿ, ಜೇಬಿನಲ್ಲಿ ಪೆನ್ನು, ಮೊಣಕೈವರೆಗೆ ಮೀನಿನ ಹುರುಪೆ.

“ಬರ್ರಿ ಟೀಚರ,” ಅಂದರು, ನಾನು ದಿನಾ ಬರುವವಳ ಹಾಗೆ. “ಹೊಳಿ ಮೀನಽ ಐತಿ. ಸಣ್ಣವು. ಕೆಸರ ವಾಸನಿ ಬಂದ್ರ ತಿರುಗಿ ತರ್ರಿ.”

“ಇಂವ ಮುಳ್ಳ ನಿಂದ್ರೂತನಾ ಕೈ ಬಿಡಂಗಿಲ್ರಿ ಅವ್ವಾರ,” ಎಂದ ತಮ್ಮ ನನಗೆ. “ಸಂಜಿತನಾ ಒಂದ ಬುಟ್ಟಿ ಖಾಲಿ ಆಗಂಗಿಲ್ಲ. ಇಂಥಾಂವನ್ನ ಕಟ್ಟಕೊಂಡು ಯಾಪಾರ!”

ಅವನು ಆ ಕಡೆ ತಿರುಗಿದಾಗ ನಾನು ಮೆಲ್ಲಗೆ, ಹೇಗೆ ರಾಜಿಯಾಯಿತು ಎಂದು ಕೇಳಿದೆ.

“ರಾಜಿ ಏನಿಲ್ರಿ. ಒಂದಿನ ಕಾಟಾ ಹಿಡಿಯಾಕ ಯಾರೂ ಇರಲಿಲ್ಲ. ನಾ ಕುಂತೆ. ಅಂವ ಏಳು ಅನ್ನಲಿಲ್ಲ.”

ಒಂದು ಕಿಲೋ ಕೇಳಿದೆ. ತೂಗಿದರು. ಒಂದು ಮೀನು ಹಾಕಿ, ಒಂದು ತೆಗೆದು, ಚಿಕ್ಕದೊಂದನ್ನು ಆಯ್ದು ಹಾಕಿ, ಮುಳ್ಳು ನಟ್ಟನಡುವೆ ನಿಂತ ಮೇಲೆ ಮುತ್ತಲದ ಎಲೆಗೆ ಸುರಿದು ಕಟ್ಟಿದರು. ನಾನು ಚೀಲ ಒಡ್ಡಿದೆ. ಅವರು ಬುಟ್ಟಿಗೆ ಕೈ ಹಾಕಿ ಗೇಣುದ್ದದ ಇನ್ನೊಂದು ಮೀನು ತೆಗೆದು ಚೀಲದೊಳಕ್ಕೆ ಬಿಟ್ಟರು.

“ಇದೇನ್ರಿ? ಇದು ತೂಕದೊಳಗೆ ಬಂತೇ?”

“ಇಲ್ರಿ. ಇದು ಕೊಸರು, ತೂಕದ ಮ್ಯಾಲಿಂದು.”

“ಕೊಸರು ಎಷ್ಟು ಗ್ರಾಮ್ ಇದ್ದೀತು, ಇನ್‌ಸ್ಪೆಕ್ಟರೇ?”

“ಕೊಸರು ತೂಗಬಾರದ್ರಿ ಟೀಚರ,” ಅಂದರು. ಅಷ್ಟರಲ್ಲಿ ಹಿಂದಿನವರೊಬ್ಬರು ಕೈ ಚಾಚಿದರು, ನಾನು ಸರಿದು ದಾರಿ ಬಿಟ್ಟೆ. ಸಾಲಿನ ಕೊನೆ ಮುಟ್ಟಿ ತಿರುಗಿ ನೋಡಿದಾಗ ತಮ್ಮ ಏನೋ ಬೈಯುತ್ತಿದ್ದ. ಅವರು ತಲೆ ಬಗ್ಗಿಸಿ ಕಾಟಾದ ಮುಳ್ಳನ್ನೇ ನೋಡುತ್ತಿದ್ದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.